ಎಫೆಸದ ಗದ್ದಲವೂ ನಮ್ಮ ಸಭೆಗಳೂ

ವೇದಪಾಠ: ಅಪೊಸ್ತಲರ ಕೃತ್ಯಗಳು 19ನೆಯ ಅಧ್ಯಾಯ, 23ರಿಂದ 41ರ ವರೆಗೆ

ಪ್ರಿಯರೇ, ಎಫೆಸ ಪಟ್ಟಣದಲ್ಲಿ ದೇಮೇತ್ರಿಯನೆಂಬ ಅಕ್ಕಸಾಲಿಗನು ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಜೀವಿಸುತ್ತಿದ್ದನು. ಪೌಲನ ಬೋಧನೆಯಿಂದ ತನ್ನ ಕಸುಬಿಗೆ ಕೇಡಾಗುವದೆಂದು ಅವನು ಸಂಗಡದವರನ್ನು ಕೆರಳಿಸಲಾಗಿ ಊರೆಲ್ಲಾ ಗಲಿಬಿಲಿಯಾಯಿತು. ಜನರು ಗಾಯ, ಅರಿಸ್ತಾರ್ಕ ಎಂಬವರನ್ನು ಹಿಡಿದುಕೊಂಡು ನಾಟಕಶಾಲೆಗೆ ನುಗ್ಗಿ ಎರಡು ತಾಸು ಕೂಗಿದರು. ಅವರಲ್ಲಿ ಹೆಚ್ಚಿನವರಿಗೆ ತಾವು ಬಂದ ಕಾರಣವೇ ತಿಳಿಯದಿತ್ತೆಂದು ಲೂಕನು ಬರೆದಿದ್ದಾನೆ. ಗದ್ದಲದ ಸ್ವಭಾವವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರು ಯಾರು?

ನಮ್ಮ ಕನ್ನಡ ನಾಡೂ ಇಂಥದನ್ನು ಕಂಡಿದೆ. 2008ನೆಯ ಆಗಸ್ಟಿನಲ್ಲಿ ಒರಿಸ್ಸಾದ ಕಂಧಮಾಲಿನಲ್ಲಿ ಸ್ವಾಮಿ ಲಕ್ಷ್ಮಣಾನಂದರ ಕೊಲೆಯಾಗಿ, ಅದರ ಹಿಂದೆಯೇ ಅಲ್ಲಿನ ಕ್ರೈಸ್ತರ ಮನೆಗಳೂ ಗುಡಿಗಳೂ ಉರಿದವು. ಆಗಸ್ಟ್ 29ರಂದು ಕ್ರೈಸ್ತ ಶಾಲೆಗಳವರು ದುಃಖದಿಂದ ಬಾಗಿಲು ಮುಚ್ಚಿದರು. ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನಲ್ಲಿಯೂ ಉಡುಪಿ ಚಿಕ್ಕಮಗಳೂರು ಸೀಮೆಗಳಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ಗುಂಪುಗಳು ಬಿದ್ದವು. ಮತಾಂತರದ ದೂರನ್ನು ಹೊತ್ತು ಬಂದವರು ಒಡೆದದ್ದಾದರೂ ಯಾವದನ್ನು? ಮಿಲಾಗ್ರಿಸ್ ಚರ್ಚಿನ ಬಳಿಯ ಮಠದಲ್ಲಿ, ಹೊರಗೆ ಬಾರದೆ ಪ್ರಾರ್ಥನೆಯಲ್ಲಿಯೇ ಕಾಲ ಕಳೆಯುವ ಕನ್ಯಾಸ್ತ್ರೀಯರ ಶಿಲುಬೆಯನ್ನು! ಅವರು ನಮ್ಮ ಪಂಗಡದವರಲ್ಲ. ಆದರೂ ಆ ಪೆಟ್ಟು ನಮಗೂ ತಗಲಿತು.

ಎಫೆಸದಲ್ಲಿ ಜನರನ್ನು ಶಾಂತಪಡಿಸಿದವನು ಅಪೊಸ್ತಲನಲ್ಲ, ಪಟ್ಟಣದ ಲೇಖಕನು. ನಮ್ಮ ಹಳ್ಳಿಯ ಮಾತಿನಲ್ಲಿ ಹಿಂದಿನ ಶಾನುಭೋಗರಂಥವನೆನ್ನೋಣ. ಅವನು ವಿಶ್ವಾಸಿಯಲ್ಲ. ಆದರೂ ಈ ಮನುಷ್ಯರು ಗುಡಿಯನ್ನು ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲವೆಂದು ಎಲ್ಲರೆದುರಿಗೆ ಸಾಕ್ಷಿ ಹೇಳಿದನು. ಸಹೋದರರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಪೌಲನು ಎರಡು ವರುಷಕ್ಕೂ ಮಿಗಿಲಾಗಿ ಆ ಪಟ್ಟಣದಲ್ಲಿ ಸುವಾರ್ತೆಯನ್ನು ಮುಚ್ಚುಮರೆಯಿಲ್ಲದೆ ಸಾರಿದ್ದನು. ಆದರೂ ನೆರೆಯವನ ಪೂಜೆಯನ್ನು ಹೀಯಾಳಿಸಿದನೆಂಬ ದೂರು ನಿಲ್ಲಲಿಲ್ಲ. 2008ರಲ್ಲಿ ಹಿಂದೂ ದೇವತೆಗಳನ್ನು ಹೀನಾಯವಾಗಿ ಹೇಳುವ ಪುಸ್ತಕವೊಂದನ್ನು ಹಂಚಿದರೆಂಬ ಆಪಾದನೆ ಬಂತು. ಯಾವ ಪುಸ್ತಕವೂ ಆಲಯವನ್ನು ಒಡೆಯುವದಕ್ಕೆ ನೆವವಾಗಲಾರದು. ಆದರೆ ನಮ್ಮ ಬೀದಿಯ ಗೌಡರೋ ಅಂಗಡಿಯ ಶೆಟ್ಟರೋ ನಮ್ಮ ವಿಷಯವಾಗಿ ಆ ಲೇಖಕನ ಸಾಕ್ಷಿಯನ್ನು ಹೇಳಬಲ್ಲರೇ? ಕೂಟ ಮುಗಿಸಿ ಬರುವಾಗ ಮಾರಿಗುಡಿಯ ಮುಂದೆ ನಾವು ಆಡುವ ಹಾಸ್ಯದ ಮಾತುಗಳನ್ನು ದೇವರು ಕೇಳುತ್ತಾನೆ. ಗುಡಿಯ ಜಗಲಿಯ ಮೇಲೆ ಕೂತವರೂ ಕೇಳುತ್ತಾರೆ.

ದೂರಿದ್ದರೆ ನ್ಯಾಯಸ್ಥಾನವು ತೆರೆದಿದೆಯೆಂದೂ ಆ ಲೇಖಕನು ಹೇಳಿದನು. ಮಂಗಳೂರಿನಲ್ಲಿ ಆ ದಿನಗಳಲ್ಲಿ ಪ್ರತಿಭಟನೆಗೆ ಕೂಡಿದವರ ಮೇಲೆ ಲಾಠಿಗಳು ಬಿದ್ದವು, ಕಲ್ಲುಗಳೂ ಹಾರಿದವು. ಬಿಷಪ್ ಅಲೋಷಿಯಸ್ ಪಾವ್ಲ್ ಡಿಸೋಜರವರು ಶಾಂತಿಯಿಂದಿರಬೇಕೆಂದು ಬೇಡಿಕೊಂಡರು. ಸರ್ಕಾರವು ನ್ಯಾಯಮೂರ್ತಿ ಬಿ. ಕೆ. ಸೋಮಶೇಖರರವರ ಆಯೋಗವನ್ನು ನೇಮಿಸಿತು. 2011ನೆಯ ಜನವರಿಯಲ್ಲಿ ಅದರ ವರದಿ ಬಂತು. ಅದರ ನಿರ್ಣಯಗಳನ್ನು ಕ್ರೈಸ್ತ ಮುಖಂಡರು ಒಪ್ಪಲಿಲ್ಲ. ಹೀಗೆ ನ್ಯಾಯವನ್ನು ಕೇಳಿಯೂ ಮನಸ್ಸು ತುಂಬದೆ ಇರುವದು ಕಲ್ಲೇಟಿಗಿಂತ ಕಠಿಣವಾದ ಶೋಧನೆಯೆಂದು ನನ್ನ ಎಣಿಕೆ. ಪುನಃ ಅರ್ಜಿ ಬರೆಯುವದು ಹೇಡಿತನವಲ್ಲ. ಕ್ಷಮಿಸಿದವನು ನ್ಯಾಯವನ್ನು ಬಿಟ್ಟುಕೊಡಬೇಕೆಂದು ವೇದವು ಎಲ್ಲಿಯೂ ಕಲಿಸುವದಿಲ್ಲ.

ಅಂತರಸಂತೆ, ಕೋಟೆ, ಹುಣಸೂರು ಕಡೆಯ ಸಭೆಯವರೇ, ಮಾನಂದವಾಡಿ ದಾರಿಯ ಬಸ್ಸಿನಲ್ಲಿ ಗಾಳಿಸುದ್ದಿಯು ಬರುವದು. ಈಗ ಅದಕ್ಕಿಂತ ಮುಂಚೆ ಮೊಬೈಲಿನಲ್ಲಿ ಬರುವದು. ಎಲ್ಲಿಯೋ ಗುಡಿ ಸುಟ್ಟರಂತೆ, ಯಾರನ್ನೋ ಕೊಂದರಂತೆ ಎಂಬ ಮಾತು ಮುಟ್ಟಿದೊಡನೆ ಅದನ್ನು ಇನ್ನೊಬ್ಬನಿಗೆ ದಾಟಿಸಬೇಡಿರಿ. ಹಿರಿಯರು ಇಬ್ಬರು ಹೋಗಿ ನೆರೆಯವರ ಹಿರಿಯರ ಸಂಗಡ ಕೂತು ಮಾತಾಡಲಿ. ಬಾಲಕರನ್ನು ಮನೆಯಲ್ಲಿ ನಿಲ್ಲಿಸಿರಿ. ಪೌಲನು ತಾನೇ ಜನರ ಮಧ್ಯಕ್ಕೆ ಹೋಗುವೆನೆಂದಾಗ ಶಿಷ್ಯರು ಬಿಡಲಿಲ್ಲ. ಅಧಿಕಾರಿಗಳಲ್ಲಿ ಅವನಿಗೆ ಸ್ನೇಹಿತರಾಗಿದ್ದವರೂ ಹೋಗಬೇಡವೆಂದು ಹೇಳಿಕಳುಹಿಸಿದರು. ಅಷ್ಟು ಧೈರ್ಯವಂತನೂ ಅವರ ಮಾತನ್ನು ಕೇಳಿದನು. ಗದ್ದಲವು ನಿಂತ ಮೇಲೆ ಸಭೆಯವರನ್ನು ಕರೆದು ಧೈರ್ಯಗೊಳಿಸಿ ಮಕೆದೋನ್ಯಕ್ಕೆ ಹೊರಟನು. ದೇಮೇತ್ರಿಯನ ಅಂಗಡಿಯ ಕಡೆಗೆ ಯಾರೂ ಹೋದರೆಂದು ಲೂಕನು ಬರೆದಿಲ್ಲ.