ಮೂರನೆಯ ನೀರು

ಪಾಸೌ ಎಂಬ ಊರಿನ ತುದಿಯಲ್ಲಿ ನೆಲ ಮುಗಿಯುತ್ತದೆ. ಜರ್ಮನಿಯ ಆಗ್ನೇಯ ಮೂಲೆ ಅದು, ಆಸ್ಟ್ರಿಯಾ ಕೂಗಳತೆಯ ದೂರ. ಎರಡು ನದಿಗಳ ನಡುವೆ ಕಿರಿದಾಗುತ್ತ ಕಿರಿದಾಗುತ್ತ ಬಂದ ಊರು ಕೊನೆಗೆ ಒಂದಿಷ್ಟು ಹುಲ್ಲು, ಕೆಲವು ಮರ, ಕೂರಲು ಬೆಂಚುಗಳು ಇಷ್ಟನ್ನು ಮಾತ್ರ ಉಳಿಸಿಕೊಂಡು ನೀರಿಗೆ ತನ್ನನ್ನು ಒಪ್ಪಿಸಿಬಿಡುತ್ತದೆ. ಬಲಗಡೆಯಿಂದ ಬರುವುದು ಇನ್ ನದಿ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳಲ್ಲಿ ಹುಟ್ಟಿ, ನೀರ್ಗಲ್ಲಿನ ಹೊಳೆಗಳು ಬಂಡೆಯನ್ನು ಅರೆದು ಮಾಡಿದ ನುಣ್ಣನೆಯ ಹುಡಿಯನ್ನು ಹೊತ್ತು, ಬೇಸಗೆಯಲ್ಲಿ ಮಸುಕು ಹಸಿರಾಗಿ, ಮುಟ್ಟುವ ಮೊದಲೇ ಕೈ ಮರಗಟ್ಟಿಸುವಂಥ ತಣ್ಪನ್ನು ಮುಂದೆ ಕಳುಹಿಸಿ ಆಮೇಲೆ ತಾನು ಬರುತ್ತದೆ. ಎಡಗಡೆ ಡ್ಯಾನ್ಯೂಬ್, ದಾರಿಯುದ್ದದ ಬಯಲಿನ ಮಣ್ಣನ್ನೆಲ್ಲ ನಿಧಾನಕ್ಕೆ ಕಲಸಿಕೊಂಡ ಬೂದುಗಂದು. ಅದರ ಆಚೆ ದಡದಿಂದ, ಯಾರೂ ಕರೆಯದೆ ಬಂದವಳ ಸಂಕೋಚದಲ್ಲಿ ಇಳಿಯುವ ಪುಟ್ಟ ಇಲ್ಸ್. ಬವೇರಿಯಾದ ಕಾಡಿನ ಜೌಗಿನಲ್ಲಿ ಎಲೆ ಬೇರು ಪಾಚಿ ಕೊಳೆತ ಕಷಾಯವನ್ನು ಕುಡಿದು ಕುಡಿದು ಕಪ್ಪಾದ ನೀರು. ಮೂರೂ ಕೂಡುತ್ತವೆ, ಕೂಡಿಯೂ ಬೆರೆಯುವುದಿಲ್ಲ. ಒಂದೇ ಮದುವೆಮನೆಗೆ ಬಂದ, ಮಾತು ಬಿಟ್ಟ ನೆಂಟರ ಹಾಗೆ ಬಹುದೂರ ಪಕ್ಕಪಕ್ಕದಲ್ಲೇ ಸಾಗುತ್ತವೆ, ಕಪ್ಪು ಒಂದು ಅಂಚು, ಹಸಿರು ಒಂದು ಅಂಚು, ನಡುವೆ ಕಂದು.

ಅಲ್ಲಿ ಕೂತು ನಾನು ಬಹಳ ಹೊತ್ತು ನೋಡಿದ್ದು ಆ ಕಪ್ಪನ್ನು. ಮೂರನೆಯ ನದಿ ಕಣ್ಣಿಗೆ ಕಾಣುತ್ತದೆ ಎಂಬುದೇ ನನಗೆ ನಂಬಲಾಗದ ಸಂಗತಿಯಾಗಿತ್ತು.

ನಾನು ಬೆಳೆದದ್ದು ನಂಜನಗೂಡಿನಲ್ಲಿ, ಕಪಿಲೆಯ ದಡದಲ್ಲಿ. ರಜೆಗಳು ಕಳೆದದ್ದು ತಿರುಮಕೂಡಲಿನ ಅಜ್ಜಿಯ ಮನೆಯಲ್ಲಿ. ಶ್ರೀಕಂಠೇಶ್ವರನ ಸ್ನಾನಘಟ್ಟದಲ್ಲಿ ಅರಿಸಿನ ಕುಂಕುಮ ತೊಳೆದುಕೊಂಡು ಹೋದ ನೀರೇ ಗದ್ದೆ ತೋಟಗಳ ನಡುವೆ ಸುತ್ತಿ ಬಳಸಿ ತಿರುಮಕೂಡಲು ನರಸೀಪುರಕ್ಕೆ ಹೋಗುತ್ತದೆಂದು ಗೊತ್ತಾದ ಮೇಲೆ, ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಹೊಳೆಗೆ ಒಂದು ಹೂವು ಬಿಟ್ಟು, ಸಂಜೆ ಸಂಗಮದ ಮೆಟ್ಟಿಲಲ್ಲಿ ಕೂತು ಅದಕ್ಕಾಗಿ ಕಾದದ್ದೂ ಉಂಟು. ಹೂವು ಬರಲಿಲ್ಲ, ಬರುವ ಹೂವುಗಳೆಲ್ಲ ನನ್ನದೇ ಇರಬಹುದು ಎನ್ನಿಸುತ್ತಿತ್ತು. ಅಲ್ಲಿ ಬಂದವರಿಗೆ ತೋರಿಸುವುದು ಎರಡೇ ನದಿ. ಇದು ವಯನಾಡಿನಿಂದ ಬಂದ ಕಪಿಲೆ, ಅದು ಕೊಡಗಿನಿಂದ ಬಂದ ಕಾವೇರಿ ಎಂದು ಬೆರಳು ಆ ಕಡೆ ಈ ಕಡೆ ಹೋಗುತ್ತದೆ. ಆಮೇಲೆ ಸ್ಫಟಿಕ ಸರೋವರ ಎನ್ನುವಾಗ ಆ ಬೆರಳಿಗೆ ದಿಕ್ಕು ತಿಳಿಯುವುದಿಲ್ಲ. ಅದು ಗುಪ್ತಗಾಮಿನಿ, ಒಳಗೊಳಗೇ ಇರುವುದು. ನಡುಗಡ್ಡೆಯಂಥ ಜಾಗದಲ್ಲಿ ಅಗಸ್ತ್ಯೇಶ್ವರನಿದ್ದಾನೆ, ಅಗಸ್ತ್ಯರು ಮರಳಿನಿಂದಲೇ ಮಾಡಿದ ಲಿಂಗವಂತೆ, ಅದರ ನೆತ್ತಿಯ ಕುಳಿಯಲ್ಲಿ ನೀರು ಜಿನುಗುತ್ತದಂತೆ. ಆ ತೀರ್ಥ ಅಂಗೈಗೆ ಬಿದ್ದಾಗ ಅಜ್ಜಿ ನನ್ನ ಕಿವಿಯಲ್ಲಿ, "ಇದು ಆ ಮೂರನೇದು ಕಣೇ ಪುಟ್ಟಿ" ಎನ್ನುತ್ತಿದ್ದಳು. ಆಚೆ ದಡದ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಈ ಊರು ಒಂದು ಗುಲಗಂಜಿಯ ತೂಕದಷ್ಟು ಹೆಚ್ಚು ಎಂಬುದಕ್ಕೆ ಅವನೇ ಹಿಡಿದ ಸಾಕ್ಷಿ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳವಾಗುತ್ತದೆ, ಲಕ್ಷಗಟ್ಟಲೆ ಜನ ಮಾಘದ ಚಳಿಯಲ್ಲಿ ಮುಳುಗೇಳುತ್ತಾರೆ. ಅಷ್ಟು ಮಂದಿಯಲ್ಲಿ ಆ ಮೂರನೆಯದನ್ನು ಕಂಡವರಿಲ್ಲ, ಮುಟ್ಟದೆ ಹೋದವರೂ ಇಲ್ಲ.

ಅಂಥ ನೀರಿನಿಂದ ಎದ್ದು ಜರ್ಮನಿಗೆ ಓದಲು ಹೋದವಳು ನಾನು. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೊರಟ ಕವಿ ಗೋಕಾಕರಿಗೆ ದಾರಿಯಲ್ಲಿ ಸಮುದ್ರವಿತ್ತು. ದಿನಗಟ್ಟಲೆ ಅಲೆ ನೋಡುತ್ತ, ಬಿಟ್ಟದ್ದು ಹಿಂದೆ ಸರಿಯುವುದನ್ನೂ ಬರಲಿರುವುದು ಮೆಲ್ಲಗೆ ಏಳುವುದನ್ನೂ ಕಾಣುವ ಅವಕಾಶವಿತ್ತು. ನಮ್ಮನ್ನು ವಿಮಾನ ರಾತ್ರೋರಾತ್ರಿ ಎತ್ತಿ ಒಗೆಯುತ್ತದೆ. ಬಾಯಲ್ಲಿ ರಸಬಾಳೆಯ ಪರಿಮಳ ಆರುವ ಮೊದಲೇ ಫ್ರಾಂಕ್‌ಫರ್ಟಿನ ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಪರೀಕ್ಷೆ, ಲ್ಯಾಬು, ಬಾಡಿಗೆ. ನಡುವೆ ಸಿಕ್ಕ ಶನಿವಾರಗಳಲ್ಲಿ ವಿದ್ಯಾರ್ಥಿ ಪಾಸಿನ ಮೇಲೆ ಎಲ್ಲ ಊರಿನಲ್ಲೂ ನಿಲ್ಲುವ ಪ್ಯಾಸೆಂಜರ್ ರೈಲು, ದೂರಕ್ಕಾದರೆ ರಾತ್ರಿ ಬಸ್ಸು, ಚೀಲದಲ್ಲಿ ಬ್ರೆಡ್ಡು ಮತ್ತು ಅಮ್ಮ ಕಳಿಸಿದ ಚಟ್ನಿಪುಡಿ. ಗೆಳೆಯರ ಫೋನುಗಳಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಇರುತ್ತಿತ್ತು, ಒಂದೊಂದಾಗಿ ಗೆರೆ ಎಳೆಯುತ್ತಿದ್ದರು. ನಿಧಾನದ ರೈಲಿನ ಕಿಟಕಿಯೇ ನನಗೆ ಹೆಚ್ಚು ಕೊಟ್ಟಿತು ಎಂದು ಈಗಲೂ ಅನ್ನಿಸುತ್ತದೆ, ಸಾಸಿವೆ ಹೂವಿನಂಥ ಹಳದಿಯ ಹೊಲ, ಒಂಟಿ ಚರ್ಚಿನ ಗೋಪುರ, ಮಂಜಿನಲ್ಲಿ ಮೊಣಕಾಲವರೆಗೆ ಮುಳುಗಿದ ಹಸುಗಳು.

ಪ್ಯಾರಿಸ್ಸಿಗೆ ಬೆಳಗಿನ ಜಾವ ಇಳಿದು, ನಿದ್ದೆಗಣ್ಣಲ್ಲೇ ಸೆನ್ ನದಿಯ ನಡುಗಡ್ಡೆಗೆ ಹೋಗಿ, ಸೇಂಟ್ ಶಾಪೆಲ್ ಎಂಬ ಗುಡಿಯ ಇಕ್ಕಟ್ಟಿನ ಸುರುಳಿ ಮೆಟ್ಟಿಲು ಹತ್ತಿದೆ. ಇಪ್ಪತ್ತಾರು ತುಂಬದ, ಯುರೋಪಿನ ಒಕ್ಕೂಟದಲ್ಲೇ ವಾಸವಿರುವವರಿಗೆ ಅಲ್ಲಿ ಟಿಕೆಟ್ಟಿಲ್ಲ, ಹಾಗಾಗಿ ಹೊತ್ತು ಎಷ್ಟಾದರೂ ನಿಲ್ಲಬಹುದೆಂಬ ಧೈರ್ಯವಿತ್ತು. ಮೇಲೆ ಬಂದರೆ ಗೋಡೆಯೇ ಇಲ್ಲ. ಕಲ್ಲು ಬರೀ ಗೆರೆಗಳಾಗಿ ನಿಂತಿದೆ, ಉಳಿದದ್ದೆಲ್ಲ ಗಾಜು. ಸುಮಾರು ಹದಿನೈದು ಮೀಟರ್ ಎತ್ತರದ ಹದಿನೈದು ಕಿಟಕಿಗಳು, ಅವುಗಳಲ್ಲಿ ಬೈಬಲ್ಲಿನ ಸಾವಿರಕ್ಕೂ ಮಿಕ್ಕಿದ ಕತೆಯ ತುಣುಕುಗಳು, ಒಂಬತ್ತನೇ ಲೂಯಿ ದೊರೆ ಮುಳ್ಳಿನ ಕಿರೀಟವನ್ನು ತಂದು ಇಡಲೆಂದು ಕಟ್ಟಿಸಿ 1248ರಲ್ಲಿ ಪ್ರತಿಷ್ಠೆ ಮಾಡಿಸಿದ ನೀಲಿ ಮತ್ತು ಕೆಂಪು. ಮೋಡ ಕವಿದಿದ್ದಾಗ ಗಾಜು ಗಾಜಾಗಿತ್ತು, ಆಚೆಯ ಬಿಸಿಲು ಆಚೆಯಲ್ಲಿತ್ತು. ಮೋಡ ಸರಿಯಿತು. ಎರಡೂ ಸೇರಿ, ಎರಡೂ ಅಲ್ಲದ ಯಾವುದೋ ಒಂದು ಒಳಗೆ ಬಂದು ನೆಲದ ಮೇಲೆ ಹರಿದು, ಕಂಬ ಹತ್ತಿ, ಗಾಲಿಕುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕರ ಬಿಳಿ ಕೂದಲಿನಲ್ಲಿ ನೇರಳೆಯಾಗಿ ನಿಂತಿತು. ಅವರಿಗೆ ಅದು ತಿಳಿಯಲಿಲ್ಲ. ಅದನ್ನು ಹೊತ್ತುಕೊಂಡೇ ಅವರು ಮೆಲ್ಲಗೆ ತಲೆ ತಿರುಗಿಸಿದರು, ಬಣ್ಣ ಕೂದಲಿನಿಂದ ಕೆನ್ನೆಗೆ ಜಾರಿತು.

ಅದೇ 1248. ಆ ವರ್ಷದ ಆಗಸ್ಟಿನಲ್ಲೇ ಕಲೋನ್ ಊರಿನಲ್ಲಿ ದೊಡ್ಡ ಕ್ಯಾಥೆಡ್ರಲಿಗೆ ಅಡಿಗಲ್ಲು ಇಟ್ಟರು. ನಾನು ಅದರ ಕಾಲಡಿ ನಿಂತದ್ದು ಚಳಿಗಾಲದ ಒಂದು ಸಂಜೆ, ಮಳೆಯಲ್ಲಿ ನೆನೆದು ಕರ್ರಗಾದ 157 ಮೀಟರ್ ಎತ್ತರದ ಅವಳಿ ಗೋಪುರಗಳು ಮೋಡದೊಳಗೆ ಹೊಕ್ಕು ಕಾಣೆಯಾಗಿದ್ದವು. ಅದು ಮುಗಿದದ್ದು 1880ರಲ್ಲಿ. ನಡುವೆ ಮುನ್ನೂರು ವರ್ಷ ಕೆಲಸ ನಿಂತು, ಅರ್ಧ ಕಟ್ಟಿದ ಗೋಪುರದ ತಲೆಯ ಮೇಲೆ ಕಲ್ಲೆತ್ತುವ ಮರದ ಕ್ರೇನು ಹಾಗೇ ಉಳಿದು, ಎಷ್ಟೋ ತಲೆಮಾರುಗಳಿಗೆ ಅದೇ ಊರಿನ ಗುರುತಾಗಿತ್ತಂತೆ. ಆ ಕ್ರೇನನ್ನು ನೆನೆಯುತ್ತ ನಿಂತಾಗ ಇನ್ನೊಂದು ವರ್ಷ ತಾನಾಗಿ ನೆನಪಿಗೆ ಬಂತು, ಶಾಲೆಯ ಪ್ರವಾಸದಲ್ಲಿ ಬಾಯಿಪಾಠ ಮಾಡಿಸಿದ್ದು: 1258, ಸೋಮನಾಥಪುರ, ಮೂರನೇ ನರಸಿಂಹನ ದಂಡನಾಯಕ ಸೋಮನಾಥ. ಅಜ್ಜಿಯ ತಾಲ್ಲೂಕಿನದೇ ಗುಡಿ. ಕಲೋನಿನಲ್ಲಿ ಪಾಯದ ಮೇಲಿನ ಮೊದಲ ಸಾಲುಗಳು ಏಳುತ್ತಿದ್ದಾಗಲೇ ಕಾವೇರಿಯ ಬಯಲಿನಲ್ಲಿ ಮಲ್ಲಿತಮ್ಮ ಎಂಬವನು, ಗಣಿಯಿಂದ ಬಂದ ಹೊಸತರಲ್ಲಿ ಮೆದುವಾಗಿದ್ದು ಗಾಳಿ ತಾಕಿದಂತೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ಬೆರಳಿನ ಉಗುರು, ಕೊರಳಿನ ಹಾರ, ಹಾರದೊಳಗಿನ ಒಂದೊಂದು ಮಣಿ ಬಿಡಿಸಿ, ಕೆಳಗೆ ತನ್ನ ಹೆಸರನ್ನೂ ಕೊರೆಯುತ್ತಿದ್ದ. ಬೆಳಿಗ್ಗೆ ಸೋಮನಾಥಪುರದ ಉಳಿಗಳನ್ನು ಎಬ್ಬಿಸಿದ ಸೂರ್ಯನೇ ಕೆಲವು ಗಂಟೆ ಕಳೆದು ಕಲೋನಿನ ಉಳಿಗಳನ್ನೂ ಎಬ್ಬಿಸುತ್ತಿದ್ದ. ಇವರ ಸದ್ದು ಅವರಿಗಿಲ್ಲ, ಅವರ ಸದ್ದು ಇವರಿಗಿಲ್ಲ. ಒಂದು ಗುಡಿ ಮುಗಿಲನ್ನು ಹುಡುಕುತ್ತ ಆರು ಶತಮಾನ ನಡೆಯಿತು, ಇನ್ನೊಂದು ಆಳೆತ್ತರದ ಗೋಡೆಯಲ್ಲೇ ಲೋಕವನ್ನೆಲ್ಲ ಕೂರಿಸಿ, ಒಳಚಾವಣಿಯಲ್ಲಿ ಬಾಳೆಯ ಮೊಗ್ಗೊಂದನ್ನು ತಲೆಕೆಳಗಾಗಿ ತೂಗಿಬಿಟ್ಟಿತು. ಎರಡರ ಸದ್ದನ್ನೂ ಒಟ್ಟಿಗೆ ಕೇಳಿದವರು ಯಾರಾದರೂ ಇದ್ದಿರಬಹುದೇ ಎಂದು ಯೋಚಿಸುತ್ತ, ಕೈಗವಸು ತೆಗೆದು ಆ ಒದ್ದೆ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಿದ್ದೆ. ಚಳಿ ಮೊಣಕೈವರೆಗೆ ಏರಿತು.

ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ಅನಂತಮೂರ್ತಿಯವರು ಭಾಷೆ ತಿಳಿಯದೆ, ಅಡಿಬರಹವೂ ಇಲ್ಲದೆ, ಬರ್ಗ್‌ಮನ್ನನ 'ಸೆವೆಂತ್ ಸೀಲ್' ಚಿತ್ರವನ್ನು ನೋಡಿ ಬಂದ ಮೇಲೆ 'ಸಂಸ್ಕಾರ' ಬರೆದರೆಂಬುದು ಆಗಾಗ ಮನಸ್ಸಿಗೆ ಬರುತ್ತದೆ. ಪರದೆಯ ಮೇಲೆ ಸ್ವೀಡನ್, ಒಳಗೆ ಮಲೆನಾಡಿನ ಅಗ್ರಹಾರ. ಆ ಕತ್ತಲೆಯ ಕೋಣೆಯಲ್ಲಿ ಜಿನುಗಿದ ನೀರು ಯಾವುದೋ.

ಪಾಸೌಗೆ ಮತ್ತೆ ಬಂದಾಗ ಮಧ್ಯಾಹ್ನ. ಊರಿನ ನೆತ್ತಿಯಲ್ಲಿ, ಎರಡು ನದಿಗಳ ನಡುವಿನ ದಿಬ್ಬದ ಮೇಲೆ ಸೇಂಟ್ ಸ್ಟೀಫನ್ ಕ್ಯಾಥೆಡ್ರಲ್ ಇದೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ವಾರದ ದಿನಗಳಲ್ಲಿ ಹನ್ನೆರಡು ಗಂಟೆಗೆ ಅಲ್ಲಿ ಆರ್ಗನ್ ನುಡಿಸುತ್ತಾರೆ. 17,000ಕ್ಕೂ ಹೆಚ್ಚು ಕೊಳವೆಗಳು, ತೆಂಗಿನಮರದ ಬೊಡ್ಡೆಯಷ್ಟು ದಪ್ಪದವು, ಕಿರುಬೆರಳಿಗಿಂತ ಸಣ್ಣವು, ಗುಡಿಯ ಬೇರೆ ಬೇರೆ ಮೂಲೆಗಳಲ್ಲಿ ಹಂಚಿಕೊಂಡು ನಿಂತಿವೆ. ಒಂದು ಪಾಲು ಚಾವಣಿಯ ಮೇಲಿನ ಅಟ್ಟದಲ್ಲೇ ಅಡಗಿದೆ. ನುಡಿಸುವವರು ಕಾಣುವುದಿಲ್ಲ. ಮೊದಲು ಹಿಂದಿನಿಂದ ಗಾಳಿ ಬೀಸಿದಂತೆ, ಆಮೇಲೆ ಪಕ್ಕದ ಗೋಡೆ ಉಸಿರೆಳೆದಂತೆ, ಕೊನೆಗೆ ಚಾವಣಿಯ ಒಂದು ಕಿಂಡಿಯಿಂದ, ಬಹಳ ಮೇಲೆ ಯಾರೋ ಮರೆತು ಬಿಟ್ಟಿದ್ದು ಈಗ ನೆನಪಾದಂತೆ, ನಾದ ಇಳಿಯಿತು. ಕಿವಿಗೆ ನಿಲುಕದಷ್ಟು ಕೆಳಗಿನ ಸ್ವರಗಳು ಬಂದಾಗ ಕೇಳಿಸಿದ್ದೇನೂ ಇಲ್ಲ. ಕೂತ ಬೆಂಚಿನ ಮರ ನಡುಗಿತು, ಎದೆಗೂಡಿನಲ್ಲಿ ಯಾರೋ ನಡೆದಾಡಿದರು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ತೇರುಬೀದಿಗೆ ಹೊರಳಿದಾಗ ನಮ್ಮ ಮನೆಯ ಜಗುಲಿ ಹೀಗೇ ಅದುರುತ್ತಿತ್ತು, ತೇರು ಕಣ್ಣಿಗೆ ಬೀಳುವ ಮೊದಲು.

ಅಂದು ಸಂಜೆ ಅಜ್ಜಿಗೆ ಫೋನು ಮಾಡಿ ಮೂರು ನದಿ, ಮೂರು ಬಣ್ಣ ಎಲ್ಲ ಹೇಳಿದೆ. ಅಜ್ಜಿ ಕೊಂಚ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೂರೂ ಕಾಣ್ತವೆ ಅಂದ್ರೆ ಕಾಣದೇ ಇರೋದು ನಾಲ್ಕನೇದು ಇರ್ಬೇಕು ಕಣೇ. ನೋಡಿದ್ಯಾ?" ಎಂದಳು.

ಮರುದಿನ ರೈಲಿಗೆ ಇನ್ನೂ ಹೊತ್ತಿತ್ತು. ತುದಿಯ ಬೆಂಚಿಗೆ ಹೋಗಿ ಕೂತು, ಹಸಿರು ಎಲ್ಲಿ ಕಂದಿಗೆ ತಾಗುತ್ತದೋ ಆ ಗೆರೆಯನ್ನೇ ನೋಡತೊಡಗಿದೆ. ಇನ್ ತಂದು ಸುರಿಯುವ ನೀರು ಸರಾಸರಿಯಲ್ಲಿ ಡ್ಯಾನ್ಯೂಬಿನದಕ್ಕಿಂತ ಹೆಚ್ಚು, ಆದರೂ ಮುಂದಕ್ಕೆ ಹೆಸರು ಉಳಿಯುವುದು ಡ್ಯಾನ್ಯೂಬಿನದೇ, ನಮ್ಮಲ್ಲಿ ಕಪಿಲೆ ತನ್ನ ಹೆಸರನ್ನು ಕಾವೇರಿಗೆ ಬಿಟ್ಟುಕೊಟ್ಟ ಹಾಗೆ. ಗೆರೆ ಗೆರೆಯಾಗಿರಲಿಲ್ಲ. ಸುಳಿಗಳು, ಸುಳಿಯೊಳಗೆ ಸುಳಿಗಳು, ಒಂದು ಬಣ್ಣ ಇನ್ನೊಂದರೊಳಗೆ ಬೆರಳಾಡಿಸಿ ಹಿಂತೆಗೆಯುವುದು. ಪಕ್ಕದಲ್ಲಿ ನಾಯಿಯೊಂದಿಗೆ ಕೂತಿದ್ದ ವಯಸ್ಸಾದ ಹೆಂಗಸು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ನನ್ನ ಅರೆಬರೆ ಜರ್ಮನ್‌ನಲ್ಲಿ, ನಾಲ್ಕನೆಯ ನದಿಯನ್ನು, ಎಂದೆ. ಅವರು ನಗಲಿಲ್ಲ. 2013ರ ಜೂನಿನಲ್ಲಿ ಅದು ನಮ್ಮ ಅಡುಗೆಮನೆಯಲ್ಲಿತ್ತು, ಎಂದರು, ಹಾಗೇ ನಾಯಿಯ ಕಿವಿ ಸವರುತ್ತ. ಹಳೆಯ ಪುರಭವನದ ಗೋಡೆಗೆ ಹೋಗಿ ನೋಡಿ ಎಂದರು. ಹೋದೆ. ನೆರೆ ಬಂದ ವರ್ಷಗಳನ್ನೆಲ್ಲ ಗೋಡೆಯ ಮೇಲೆ ಅಡ್ಡಗೆರೆಗಳಾಗಿ ಬರೆದಿದ್ದಾರೆ, ಒಂದರ ಮೇಲೊಂದು. 2013ರದನ್ನು ನೋಡಲು ಕತ್ತನ್ನು ಹಿಂದಕ್ಕೆ ಬಾಗಿಸಬೇಕಾಯಿತು. ಆ ಸಲ ಡ್ಯಾನ್ಯೂಬ್ 12.89 ಮೀಟರಿಗೆ ಏರಿತ್ತು, 1501ರ ನಂತರ ಅಷ್ಟು ನೀರು ಆ ಊರು ಕಂಡಿರಲಿಲ್ಲ. ಸುತ್ತ ಐಸ್‌ಕ್ರೀಂ ತಿನ್ನುತ್ತ ಜನ ಓಡಾಡುತ್ತಿದ್ದರು, ಬಿಸಿಲು ಬಿದ್ದ ಗೋಡೆ ಬೆಚ್ಚಗಿತ್ತು, ಮತ್ತು ನಾವೆಲ್ಲ ಆಗ ಆ ನೀರಿನ ತಳದಲ್ಲಿದ್ದೆವು.

ಅಲ್ಲಿಂದಲೇ ಅಜ್ಜಿಗೆ ಫೋನು ಹಚ್ಚಿದೆ. ಮೀಟರಿನ ಲೆಕ್ಕ ಅವಳಿಗೆ ಹಿಡಿಸಲಿಲ್ಲ.

"ಅದು ಬಿಡು, ನಿಮ್ಮ ನಂಜನಗೂಡಿನ ಹದಿನಾರು ಕಾಲು ಮಂಟಪದ ಲೆಕ್ಕದಲ್ಲಿ ಹೇಳು. ಮುಳುಗಿರೋದಾ?"

"ಮಂಟಪ ಕಾಣ್ತಾನೇ ಇರ್ತಿರ್ಲಿಲ್ಲ ಅಜ್ಜಿ."

"ಮತ್ತೆ ಅವರ ದೇವರು? ನೀರು ಮುಟ್ಟಿತ್ತಾ?"

"ಇಲ್ಲ, ಗುಡಿ ದಿಬ್ಬದ ಮೇಲಿದೆ. ಅಷ್ಟು ಮೇಲಕ್ಕೆ ಬರಲ್ಲ."

"ಅಯ್ಯೋ ಪಾಪ," ಎಂದಳು ಅಜ್ಜಿ. "ನಮ್ಮ ಪರಶುರಾಮನ್ನ ನೋಡು, ಕಪಿಲೆ ಉಕ್ಕಿದಾಗೆಲ್ಲ ಅವನೇ ಗುಡಿಯೊಳಗೆ ಕರ್ಕೊಂಡು ಕೂತ್ಕೋತಾನೆ. ಅಷ್ಟು ನದಿ ಇಟ್ಕೊಂಡು ಅವರ ದೇವರಿಗೆ ಒಂದು ಸ್ನಾನ ಇಲ್ವಲ್ಲೇ."