ಸಾರಿ ಹೇಳುವವನ ಹೊಣೆ

ತನ್ನ ಕೈಯಿಂದಾದ ಒಳ್ಳೆಯ ಕೆಲಸವನ್ನು ತಾನೇ ಸಾರಿಕೊಳ್ಳುವುದು ಧರ್ಮವೆ, ಅಲ್ಲವೆ ಎಂಬ ಪ್ರಶ್ನೆ ಬಹು ಪುರಾತನವಾದುದು. ರಾಮದುರ್ಗದಲ್ಲಿಯೋ ಸುರೇಬಾನದಲ್ಲಿಯೋ ಮಗ್ಗದ ಮುಂದೆ ಕುಳಿತು ಜೀವ ಸವೆಸಿದ ನೇಕಾರನೊಬ್ಬನ ಮಗನು, ಮನೆಯಲ್ಲಿ ನೆಯ್ದ ಸೀರೆಗಳನ್ನು ದಲ್ಲಾಳಿಯ ಹಂಗಿಲ್ಲದೆ ಮಾರಬೇಕೆಂದು ಒಂದು ಸಣ್ಣ ಜಾಲತಾಣವನ್ನು ಕಟ್ಟಿ, ಅದರ ಕಡೆ ಯಾರೂ ಸುಳಿಯದಿರುವುದನ್ನು ಕಂಡು, ದೊಡ್ಡ ತಾಣಗಳ ಪುಟಗಳಲ್ಲಿ ಹಣ ತೆತ್ತು ಬ್ಯಾನರ್ ಹಾಕಿಸಲೇ ಎಂದು ಯೋಚಿಸುತ್ತಾನೆಂದಿಟ್ಟುಕೊಳ್ಳೋಣ. ಆ ಪ್ರಶ್ನೆ ಅವನ ಎದುರಿಗೆ ಮತ್ತೆ ಹೊಸದಾಗಿ ಬಂದು ನಿಲ್ಲುತ್ತದೆ.

ನಮ್ಮ ಸಂಪಗಾಂವ ಸೀಮೆಯ ಸಂಸ್ಕಾರವು ಆತ್ಮಪ್ರಶಂಸೆಯನ್ನು ಸುಲಭವಾಗಿ ಒಪ್ಪತಕ್ಕದ್ದಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಉಳವಿಯತ್ತ ನಡೆದ ಶರಣರು ಕಾರಿಮನಿ, ಕಾದರವಳ್ಳಿ, ಮುಗುಟಖಾನ ಹುಬ್ಬಳ್ಳಿಗಳ ಮೇಲೆ ಹಾದುಹೋದರೆಂದು ಇಲ್ಲಿಯ ಜನ ನಂಬಿದ್ದಾರೆ. ಅವರಲ್ಲಿ ಬಹುಮಂದಿ ತಮ್ಮ ವಚನಗಳ ಕೊನೆಗೆ ಇಟ್ಟದ್ದು ಇಷ್ಟದೈವದ ಅಂಕಿತವನ್ನು; ತಮ್ಮ ಹೆಸರನ್ನಲ್ಲ. ಇತ್ತೀಚಿನ ಕಾಲಕ್ಕೆ ಬಂದರೆ, ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಕಾಲವಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅವರ ಕೀರ್ತಿಯನ್ನು ಊರೂರಿಗೆ ಹೊತ್ತವರು ಆ ಹಣದಿಂದ ಓದಿ ಮುಂದೆ ಬಂದ ಮಕ್ಕಳೇ. ಉಂಡವನು ಹೇಳಬೇಕು, ಬಡಿಸಿದವನು ಹೇಳಬಾರದು ಎಂಬುದು ನಮ್ಮ ಹಿರಿಯರ ಭಾವನೆ.

ಆದರೂ ಈ ಭಾವನೆಯನ್ನು ಕಡೆಯವರೆಗೆ ಎಳೆದರೆ ಅದು ಧರ್ಮವಾಗಿ ಉಳಿಯುವುದಿಲ್ಲವೆಂದು ನನ್ನ ನಂಬಿಕೆ. ಅದೇ ಶರಣರ ವಚನಗಳು ಓಲೆಗರಿಗಳ ಕಟ್ಟುಗಳಲ್ಲಿ ಮಠಗಳ ಮೂಲೆಯಲ್ಲಿ, ಮನೆಗಳ ಜಗಲಿಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ತೆಗೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿ, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ಅದನ್ನು ಓದುಗರಿಗೆ ಮುಟ್ಟಿಸಲು ತಮ್ಮ ಸುಖವನ್ನೆಲ್ಲ ತೇಯದಿದ್ದರೆ, ಆ ಗರಿಗಳಲ್ಲಿ ಎಷ್ಟನ್ನು ಗೆದ್ದಲು ತಿಂದುಬಿಡುತ್ತಿತ್ತೋ ಯಾರು ಬಲ್ಲರು? ಬೇಕಾದವನಿಗೆ ಬೇಕಾದ ವಸ್ತುವಿನ ಸುದ್ದಿ ಮುಟ್ಟದಂತೆ ಮೌನವಾಗಿರುವುದು ವಿನಯವೆನಿಸಲಾರದು. ಸಾರುವುದೇ ತಪ್ಪೆಂಬ ಮಾತನ್ನು, ಆದುದರಿಂದ, ಇಲ್ಲಿಗೆ ಬಿಟ್ಟುಬಿಡಬಹುದು. ಹೇಗೆ ಸಾರಬೇಕು ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ನೆಲದ ಕಲ್ಲುಗಳು ಇದಕ್ಕೆ ಒಂದು ಉತ್ತರವನ್ನು ಕೊಟ್ಟಿವೆ. ಮುಂದೆ ರಟ್ಟರ ರಾಜಧಾನಿಯಾದ ಸುಗಂಧವರ್ತಿ, ಅಂದರೆ ಇಂದಿನ ಸವದತ್ತಿಯಲ್ಲಿ, 980ರ ಶಾಸನವೊಂದು ಶಾಂತಿವರ್ಮನೆಂಬವನು ಬಸದಿಗೆ ಭೂಮಿಯನ್ನು ಬಿಟ್ಟ ಸಂಗತಿಯನ್ನು ಹೇಳುತ್ತದೆ. ದತ್ತಿಶಾಸನಗಳಲ್ಲಿ ದಾನಿಯ ಹೊಗಳಿಕೆಗೇನೂ ಕೊರತೆಯಿಲ್ಲ. ಬಿರುದುಗಳ ಸಾಲು ಕೆಲವೊಮ್ಮೆ ಬೇಸರ ತರುವಷ್ಟು ಉದ್ದವಾಗಿರುತ್ತದೆ. ಆದರೆ ಅದರ ಬೆನ್ನಿಗೇ ಕೊಟ್ಟದ್ದೇನು, ಯಾರಿಗೆ ಕೊಟ್ಟದ್ದು, ಹೊಲದ ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು, ಕೆಡಿಸಿದವನಿಗೆ ಯಾವ ಪಾಪ ಎಂಬುದೆಲ್ಲ ಬರುತ್ತದೆ. ಕೊಟ್ಟವನು ನಾಳೆ ಮಾತು ತಪ್ಪಿದರೆ ಅದೇ ಕಲ್ಲು ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ. ಕಿತ್ತೂರಿನ ಬಳಿಯ ದೇಗಾವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯ ಶಿಲ್ಪಿ ತಿಪ್ಪೋಜನ ಹೆಸರೂ ಹಾಗೆಯೇ ಉಳಿದುಬಂದಿದೆ. ಗೋಡೆ ಬಿರುಕುಬಿಟ್ಟಿದ್ದರೆ ನಗೆಪಾಟಲಾಗುತ್ತಿದ್ದುದೂ ಆ ಹೆಸರೇ. ಶರಣರಲ್ಲಿಯೂ ಅಂಬಿಗರ ಚೌಡಯ್ಯನು ತನ್ನ ಹೆಸರನ್ನೇ ಅಂಕಿತವಾಗಿಟ್ಟುಕೊಂಡನಷ್ಟೆ. ಅದನ್ನು ಅಹಂಕಾರವೆಂದು ಯಾರೂ ಎನ್ನಲಿಲ್ಲ; ಅಷ್ಟು ನಿಷ್ಠುರವಾಗಿ ನುಡಿದವನು ಆಡಿದ ಮಾತಿಗೆ ತಾನೇ ಹೊಣೆಯಾಗಿ ನಿಂತನೆಂದು ಗೌರವಿಸಿದರು.

ಇದರ ಪಕ್ಕಕ್ಕೆ ಇಂದಿನ ಬ್ಯಾನರನ್ನು ಇಟ್ಟು ನೋಡಬೇಕು. 1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ತಾಣದಲ್ಲಿ ಕಾಣಿಸಿಕೊಂಡ ಮೊದಲ ಬ್ಯಾನರುಗಳಲ್ಲಿ ಎಟಿ ಅಂಡ್ ಟಿ ಕಂಪನಿಯದೇ ಪ್ರಸಿದ್ಧವಾದುದು. ಅದು ತಾನೇನು ಮಾರುತ್ತೇನೆಂದಾಗಲಿ, ಒಳಗೆ ಏನಿದೆಯೆಂದಾಗಲಿ ಹೇಳಲಿಲ್ಲ. ಇಲ್ಲಿ ಎಂದಾದರೂ ಒತ್ತಿದ್ದೀರಾ ಎಂದು ಕೇಳಿ, ಒತ್ತಿಯೇ ಒತ್ತುತ್ತೀರಿ ಎಂದು ಭವಿಷ್ಯ ನುಡಿಯಿತು, ಅಷ್ಟೆ. ಕುತೂಹಲವೊಂದನ್ನೇ ಕೆರಳಿಸಿ ಕೈಯನ್ನು ಎಳೆದುಕೊಳ್ಳುವ ಆ ರೀತಿ ಅಂದಿನಿಂದ ಬೆಳೆಯುತ್ತಲೇ ಬಂದಿದೆ. ಈಗ ಪುಟವೊಂದು ತೆರೆದುಕೊಳ್ಳುವ ಕ್ಷಣಾರ್ಧದಲ್ಲಿ ಬ್ಯಾನರಿನ ಜಾಗ ಹರಾಜಾಗುತ್ತದೆ. ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು, ಒಂದು ಕ್ಲಿಕ್ಕಿಗೆ ಇಷ್ಟು ಎಂದು ಬೆಲೆ ಕಟ್ಟಲಾಗುತ್ತದೆ. ನೋಡುವವನು ಹಿಂದೆ ಎಲ್ಲೆಲ್ಲಿ ಅಡ್ಡಾಡಿದ್ದನೆಂಬುದನ್ನು ಕುಕಿಗಳ ಮೂಲಕ ಅವನಿಗರಿವಿಲ್ಲದಂತೆ ಹೆಕ್ಕಿ ತೆಗೆದು ಆ ಬೆಲೆಯನ್ನು ಏರಿಸಲಾಗುತ್ತದೆ.

ಇಲ್ಲಿ ಮಾರಾಟವಾಗುವ ಸರಕು ಮನುಷ್ಯನ ಅವಧಾನ. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟು ದೃಷ್ಟಿಯನ್ನು ಅದರಲ್ಲಿ ನೆಡುವುದನ್ನೇ ಪೂಜೆಯೆಂದು ಬಗೆದ ಜನ ನಾವು. ನೋಟವೇ ನೈವೇದ್ಯವೆಂದು ತಿಳಿದವರಿಗೆ, ಮತ್ತೊಬ್ಬನ ನೋಟವನ್ನು ಉಪಾಯದಿಂದ ಕಸಿಯುವುದು ಸಣ್ಣ ಅಪರಾಧವಾಗಿ ಕಾಣಕೂಡದು. ಎಲ್ಲರೂ ಹಾಗೆಯೇ ಮಾಡುತ್ತಾರೆ, ಬಡವನೊಬ್ಬನಿಗೆ ಮಾತ್ರ ಈ ಕಟ್ಟಳೆ ಏಕೆ ಎಂದು ಕೇಳಿದರೆ, ಆ ಮಾತಿನ ನೋವು ನನಗೆ ಅರ್ಥವಾಗುತ್ತದೆ. ಹರಾಜಿನಲ್ಲಿ ದೊಡ್ಡ ಕಂಪನಿಗಳೆದುರು ಅವನು ಕೂಗುವ ಬೆಲೆ ಎಷ್ಟರದು? ಆದರೆ ಕಾಯಕದ ಶುದ್ಧಿ ಸಂಪಾದನೆಯಲ್ಲಿಯೂ ಇರಬೇಕೆಂದು ಕಲಿಸಿದವರು ಬಡವನಿಗೆ, ಬಲ್ಲಿದನಿಗೆ ಬೇರೆ ಬೇರೆ ಕಟ್ಟಳೆಯನ್ನು ಮಾಡಲಿಲ್ಲ.

ಆದ್ದರಿಂದ ರಾಮದುರ್ಗದ ಆ ತರುಣನಿಗೆ ನಾನು ಹೇಳುವುದು ಇಷ್ಟು. ಬ್ಯಾನರನ್ನು ಅವಶ್ಯವಾಗಿ ಹಾಕಿಸು, ಸಂಕೋಚಪಡಬೇಡ. ಅದರಲ್ಲಿ ನಿನ್ನ ಊರಿನ ಹೆಸರಿರಲಿ, ನೆಯ್ದವರ ಹೆಸರಿರಲಿ, ಸೀರೆಯ ಬೆಲೆಯಿರಲಿ. ವಿದ್ಯುತ್ ಮಗ್ಗದ್ದನ್ನು ಕೈಮಗ್ಗದ್ದೆನ್ನಬೇಡ. ಇಳಕಲ್ಲಿನ ಹೆಸರು ಹಾಕಿದರೆ ನಾಲ್ಕು ಜನ ಹೆಚ್ಚು ಒಳಬರುತ್ತಾರೆಂದು ತಿಳಿದಿದ್ದರೂ ರಾಮದುರ್ಗದ ಸೀರೆಯನ್ನು ರಾಮದುರ್ಗದ್ದೆಂದೇ ಬರೆ. ಒತ್ತಿದವನಿಗೆ ಚಿತ್ರದಲ್ಲಿ ಕಂಡ ಸೆರಗು, ಅದೇ ಅಂಚು, ಅದೇ ಬಣ್ಣ ಒಳಗೂ ಸಿಕ್ಕಬೇಕು. ಬಂದವರ ಹೆಜ್ಜೆಯ ಗುರುತನ್ನು ಕೊಳ್ಳಲೂ ಬೇಡ, ಮಾರಲೂ ಬೇಡ. ನೇಯ್ಗೆಯ ಸುದ್ದಿ ಬರುವ ಕನ್ನಡದ ತಾಣವೊಂದರಲ್ಲಿ ಜಾಗವನ್ನು ತಿಂಗಳಿಗಿಷ್ಟೆಂದು ನೇರವಾಗಿ ಮಾತನಾಡಿ ತೆಗೆದುಕೋ. ಗಿರಾಕಿಗಳು ನಿಧಾನವಾಗಿ ಬರುತ್ತಾರೆ. ಬಂದವರಿಗೆ ಸೀರೆ ಒಪ್ಪದಿದ್ದರೆ ಮರಳಿ ತೆಗೆದುಕೊಳ್ಳುವೆನೆಂಬ ಮಾತನ್ನೂ ಆ ಬ್ಯಾನರಿನಲ್ಲಿಯೇ ಬರೆದುಬಿಡು.