ಒಪ್ಪಿಗೆಯ ತೀರ್ಪು, ದೇವರ ಕಾನೂನು

ವ್ಯಾಪಾರದ ತಕರಾರನ್ನು ಸರ್ಕಾರಿ ನ್ಯಾಯಾಲಯಕ್ಕೆ ಒಯ್ಯದೆ, ಇಬ್ಬರೂ ಒಪ್ಪಿದ ಮೂರನೆಯವರ ಮುಂದಿಟ್ಟು, ಅವರು ಹೇಳಿದ್ದಕ್ಕೆ ಬದ್ಧರಾಗುವುದು ಮಧ್ಯಸ್ಥಿಕೆ. ಅದರ ಬಲವೆಲ್ಲ ಒಪ್ಪಿಗೆಯಲ್ಲಿದೆ. ಕಾನೂನು ದೇವರಿಂದ ಬಂದದ್ದು ಎಂದು ನಂಬುವ ಸಮಾಜದಲ್ಲಿ ಈ ಒಪ್ಪಿಗೆಯ ಬೆಲೆ ಎಷ್ಟು ಎಂಬುದು ಧರ್ಮಶಾಸ್ತ್ರದ ಪ್ರಶ್ನೆಯೂ ಹೌದು, ಬಂಡವಾಳದ ಪ್ರಶ್ನೆಯೂ ಹೌದು. ದೇವರು ನಿಷೇಧಿಸಿದ್ದನ್ನು ಇಬ್ಬರು ವ್ಯಾಪಾರಿಗಳು ಸೇರಿ ಒಪ್ಪಿಕೊಂಡರೆ ಅದು ಸಿಂಧುವಾಗುತ್ತದೆಯೇ? ಧರ್ಮಶಾಸ್ತ್ರ ಓದದ, ಆ ಧರ್ಮಕ್ಕೇ ಸೇರದ ಒಬ್ಬ ಎಂಜಿನಿಯರ್ ಕೊಟ್ಟ ತೀರ್ಪು ಶ್ರದ್ಧಾವಂತನನ್ನು ಕಟ್ಟಿಹಾಕಬಲ್ಲುದೇ? ವಿದೇಶಿ ಹೂಡಿಕೆಗೆ ಬಾಗಿಲು ತೆರೆಯುವ ಸಲುವಾಗಿ ತನ್ನ ಮಧ್ಯಸ್ಥಿಕೆಯ ಕಾನೂನನ್ನು ತಿದ್ದಿ ಬರೆದ ಸೌದಿ ಅರೇಬಿಯ ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರ ಒಂದೇ ಬಗೆಯದಲ್ಲ.

ಇಸ್ಲಾಂ ಹುಟ್ಟುವ ಮುಂಚೆ ಮೆಕ್ಕಾ ಸೀಮೆಯಲ್ಲಿ ದೊರೆ ಇರಲಿಲ್ಲ, ತೀರ್ಪನ್ನು ಜಾರಿ ಮಾಡುವ ಅಧಿಕಾರವೂ ಇರಲಿಲ್ಲ. ಜಗಳವಾದಾಗ ಬುಡಕಟ್ಟಿನವರು ಜಾಣನೆಂದು ಹೆಸರಾದವನನ್ನೋ ಕಣಿ ಹೇಳುವವನನ್ನೋ ಹುಡುಕಿಕೊಂಡು ಹೋಗುತ್ತಿದ್ದರು. ಸೋತವನು ಮಾತಿಗೆ ತಪ್ಪದಿರಲೆಂದು ಮೊದಲೇ ಒತ್ತೆ ಇಡಿಸಿಕೊಳ್ಳುವ ರೂಢಿಯಿತ್ತು. ಕಾಬಾವನ್ನು ಹೊಸದಾಗಿ ಕಟ್ಟುವಾಗ ಕಪ್ಪು ಶಿಲೆಯನ್ನು ಎತ್ತಿಡುವ ಗೌರವ ಯಾವ ಮನೆತನಕ್ಕೆ ಸೇರಬೇಕೆಂದು ಖುರೈಷ್ ಬುಡಕಟ್ಟಿನವರು ಕಿತ್ತಾಡಿದರು. ಆಗಿನ್ನೂ ಪ್ರವಾದಿಯಾಗಿರದ ಮುಹಮ್ಮದರು ಬಟ್ಟೆ ಹಾಸಿ, ಶಿಲೆಯನ್ನು ಅದರ ನಡುವೆ ಇಟ್ಟು, ಎಲ್ಲ ಮನೆತನದವರೂ ಅಂಚು ಹಿಡಿದು ಎತ್ತುವಂತೆ ಮಾಡಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಕುರ್‌ಆನಿನ ನಾಲ್ಕನೆಯ ಅಧ್ಯಾಯವು ಗಂಡಹೆಂಡಿರ ಮನಸ್ತಾಪ ಬಿಡಿಸಲು ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥನನ್ನು ನೇಮಿಸುವಂತೆ ಹೇಳುತ್ತದೆ. ಹೀಗೆ ಹಳೆಯ ರೂಢಿ ತಹ್ಕೀಮ್ ಎಂಬ ಹೆಸರಿನಲ್ಲಿ ಹೊಸ ಧರ್ಮದೊಳಗೂ ನಡೆದುಬಂತು.

ಅದಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 657ರಲ್ಲಿ, ಯೂಫ್ರೆಟಿಸ್ ದಂಡೆಯ ಸಿಫ್ಫೀನ್ ರಣರಂಗದಲ್ಲಿ. ಖಲೀಫ ಅಲಿ ಮತ್ತು ಸಿರಿಯದ ಮುಆವಿಯಾ ನಡುವಿನ ಕಾಳಗದಲ್ಲಿ ಸಿರಿಯದ ಸೈನಿಕರು ಕುರ್‌ಆನಿನ ಹಾಳೆಗಳನ್ನು ಈಟಿಗಳ ತುದಿಗೆ ಸಿಕ್ಕಿಸಿ ಎತ್ತಿಹಿಡಿದರು. ಕಡೆಗೆ ಇಬ್ಬರು ಮಧ್ಯಸ್ಥರಿಗೆ ವಿಷಯ ಒಪ್ಪಿಸುವುದೆಂದಾಯಿತು. ಅಲಿಯ ಪಾಳೆಯದ್ದೇ ಒಂದು ಗುಂಪು ಇದಕ್ಕೆ ಕೆರಳಿತು. ತೀರ್ಪು ಕೊಡುವ ಅಧಿಕಾರ ದೇವರೊಬ್ಬನದು, ಅದನ್ನು ಮನುಷ್ಯರ ಕೈಗೆ ಕೊಟ್ಟದ್ದೇ ಪಾಪ ಎಂಬುದು ಅವರ ವಾದ. ಖವಾರಿಜ್ ಎಂದು ಹೆಸರಾದ ಈ ಬಣದವರೊಡನೆ ಅಲಿಯ ಪರವಾಗಿ ವಾದಿಸಲು ಹೋದ ಇಬ್ನ್ ಅಬ್ಬಾಸ್ ಕುರ್‌ಆನಿನಿಂದಲೇ ಉತ್ತರ ತೆಗೆದರೆಂದು ಪರಂಪರೆ ನೆನೆಯುತ್ತದೆ: ಹಜ್ ಯಾತ್ರೆಯ ವ್ರತದಲ್ಲಿದ್ದವನು ಬೇಟೆಯಾಡಿ ಪ್ರಾಣಿ ಕೊಂದರೆ ಅದಕ್ಕೆ ಏನು ಪ್ರಾಯಶ್ಚಿತ್ತ ಎಂಬುದನ್ನು ಇಬ್ಬರು ನ್ಯಾಯವಂತರು ನಿರ್ಧರಿಸಲಿ ಎಂದು ಗ್ರಂಥವೇ ಹೇಳಿರುವಾಗ, ಮನುಷ್ಯರ ರಕ್ತ ಹರಿಯುವ ಜಗಳದಲ್ಲಿ ಮನುಷ್ಯರ ತೀರ್ಮಾನ ಹೇಗೆ ತಪ್ಪಾದೀತು? ಕೆಲವರು ಮರಳಿ ಬಂದರು. ಬಾರದವರಲ್ಲೊಬ್ಬ 661ರಲ್ಲಿ ಕೂಫಾದಲ್ಲಿ ಅಲಿಯನ್ನು ಕೊಂದ.

ಖವಾರಿಜರ ನಿಲುವು ಸೋತಿತು. ಆದರೆ ಅವರು ಕೆದಕಿದ ಅನುಮಾನವನ್ನು ಮುಂದಿನ ನ್ಯಾಯಪಂಡಿತರು ಪೂರ್ತಿಯಾಗಿ ಕೈಬಿಡಲಿಲ್ಲ. ಮಧ್ಯಸ್ಥಗಾರ ನ್ಯಾಯಾಧೀಶನಾದ ಖಾಜಿಯ ನೆರಳಿನಲ್ಲಿ ಕೆಲಸ ಮಾಡುವವನು, ಆದ್ದರಿಂದ ಖಾಜಿಗೆ ಬೇಕಾದ ಅರ್ಹತೆ ಅವನಿಗೂ ಬೇಕು ಎಂದರು ಹೆಚ್ಚಿನವರು. ಅಂದರೆ ಆತ ಮುಸ್ಲಿಮನಾಗಿರಬೇಕು, ಗಂಡಸಾಗಿರಬೇಕು, ಧರ್ಮಶಾಸ್ತ್ರ ಬಲ್ಲವನಾಗಿರಬೇಕು. ನಾಲ್ಕು ಸುನ್ನಿ ನ್ಯಾಯಪಂಥಗಳಲ್ಲಿ ಹನಫಿ ಪಂಥ ಇಲ್ಲಿ ಕೊಂಚ ಸಡಿಲ: ಆಸ್ತಿಪಾಸ್ತಿಯ ವಿಷಯದಲ್ಲಿ ಹೆಂಗಸು ತೀರ್ಪುಗಾರಳಾಗಬಹುದೆಂದು ಅದು ಒಪ್ಪುತ್ತದೆ. ಅದೇ ಪಂಥ ಬೇರೊಂದು ಕಡೆ ಬಿಗಿ. ತೀರ್ಪು ಹೊರಬೀಳುವ ಮುಂಚೆ ಇಬ್ಬರಲ್ಲಿ ಯಾರು ಬೇಕಾದರೂ ಮಧ್ಯಸ್ಥಗಾರನನ್ನು ಕಿತ್ತುಹಾಕಬಹುದು, ಹೊರಬಿದ್ದ ಮೇಲೂ ಖಾಜಿ ಅದನ್ನು ತೂಗಿ ನೋಡಬಹುದು ಎಂಬುದು ಅದರ ಮತ. 1876ರಲ್ಲಿ ಮುಗಿದ ಆಟೊಮನ್ನರ ಮಜಲ್ಲಾ ಸಂಹಿತೆಯೂ ಇದನ್ನೇ ಸ್ವೀಕರಿಸಿತು. ಸೌದಿಯಲ್ಲಿ ಬಳಕೆಯಲ್ಲಿರುವ ಹನ್‌ಬಲಿ ಪಂಥವಾದರೋ ಮಧ್ಯಸ್ಥಗಾರನ ತೀರ್ಪು ಖಾಜಿಯ ತೀರ್ಪಿನಷ್ಟೇ ಗಟ್ಟಿ ಎನ್ನುತ್ತದೆ. ಹೊರಗಿನವರ ಕಣ್ಣಿಗೆ ನಾಲ್ಕರಲ್ಲಿ ಅತಿ ಕಟ್ಟುನಿಟ್ಟಾಗಿ ಕಾಣುವ ಈ ಪಂಥವೇ ಕರಾರಿನ ವಿಷಯದಲ್ಲಿ ಎಲ್ಲಕ್ಕಿಂತ ಉದಾರ. ನಿಷೇಧ ಇಲ್ಲದ ಷರತ್ತೆಲ್ಲ ಸಿಂಧು ಎಂದು ಅದರ ಪ್ರಮುಖ ಚಿಂತಕ ಇಬ್ನ್ ತೈಮಿಯ್ಯ ವಾದಿಸಿದ. ಮುಸ್ಲಿಮರು ತಾವು ಒಪ್ಪಿದ ಷರತ್ತಿಗೆ ಬದ್ಧರು, ನಿಷಿದ್ಧವಾದದ್ದನ್ನು ಸಲ್ಲುವಂತೆ ಮಾಡುವ ಷರತ್ತೊಂದನ್ನು ಬಿಟ್ಟು ಎಂಬರ್ಥದ ಪ್ರವಾದಿವಚನವೊಂದನ್ನು ಪಂಡಿತರು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಒಪ್ಪಿಗೆಗೆ ಜಾಗ ದೊಡ್ಡದು, ಬೇಲಿ ಮಾತ್ರ ದೇವರದು.

ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆ ಸಿಕ್ಕಿದ ಮೇಲೆ ಈ ಶಾಸ್ತ್ರಕ್ಕೆ ಹೊಸ ಎದುರಾಳಿಗಳು ಬಂದರು. ಅಬುಧಾಬಿಯ ಷೇಖರಿಗೂ ಒಂದು ಬ್ರಿಟಿಷ್ ಎಣ್ಣೆ ಕಂಪನಿಗೂ ಸಮುದ್ರತಳದ ಹಕ್ಕಿನ ಬಗ್ಗೆ ವಿವಾದವೆದ್ದು, 1951ರಲ್ಲಿ ಲಾರ್ಡ್ ಆಸ್ಕ್ವಿತ್ ಮಧ್ಯಸ್ಥಗಾರರಾಗಿ ತೀರ್ಪು ಕೊಟ್ಟರು. ಕರಾರು ಆದದ್ದು ಅಬುಧಾಬಿಯಲ್ಲಿ, ನಡೆಯಬೇಕಾದದ್ದೂ ಅಲ್ಲೇ. ಆದ್ದರಿಂದ ಅಲ್ಲಿನ ಕಾನೂನೇ ಅನ್ವಯಿಸಬೇಕಿತ್ತು. ಆದರೆ ಷೇಖರು ಕುರ್‌ಆನಿನ ನೆರವಿನಿಂದ ತಮ್ಮ ವಿವೇಚನೆಯಂತೆ ನ್ಯಾಯ ನಡೆಸುತ್ತಾರೆ, ಆಧುನಿಕ ವ್ಯಾಪಾರದ ದಸ್ತಾವೇಜನ್ನು ಅರ್ಥೈಸುವಂಥ ನೆಲೆನಿಂತ ಕಾನೂನು ಆ ಹಿಂದುಳಿದ ಸೀಮೆಯಲ್ಲಿಲ್ಲ ಎಂದು ಆಸ್ಕ್ವಿತ್ ಬರೆದರು. ಅದರ ಬದಲಿಗೆ ನಾಗರಿಕ ದೇಶಗಳಿಗೆಲ್ಲ ಸಮಾನವಾದ ತತ್ವಗಳನ್ನು ಹಚ್ಚುವುದಾಗಿ ಹೇಳಿ ಹಚ್ಚಿದ್ದು ಬಹುಮಟ್ಟಿಗೆ ಇಂಗ್ಲಿಷ್ ಕಾನೂನಿನ ತತ್ವಗಳನ್ನೇ. ವಿಚಿತ್ರವೆಂದರೆ, ಕರಾವಳಿಯಾಚೆಯ ಸಮುದ್ರತಳದ ಮುಖ್ಯ ಪ್ರಶ್ನೆಯಲ್ಲಿ ಗೆದ್ದವರು ಷೇಖರೇ. ಗೆದ್ದರೂ ಆ ಮಾತಿನ ಅವಮಾನ ಉಳಿಯಿತು. ಸಾವಿರ ವರ್ಷಕ್ಕೂ ಮಿಕ್ಕಿ ಸಾಲ, ಪಾಲುದಾರಿಕೆ, ಮಾರಾಟಗಳ ಬಗ್ಗೆ ಸೂಕ್ಷ್ಮಾತಿಸೂಕ್ಷ್ಮವಾಗಿ ಬರೆದ ಶಾಸ್ತ್ರಪರಂಪರೆಯನ್ನು ಓದದೆಯೇ ಇಲ್ಲವೆಂದು ತಳ್ಳಿಹಾಕಿದ್ದು ತಿಳಿವಳಿಕೆಯ ಕೊರತೆಯೇ ಹೊರತು ಕಾನೂನಿನ ತರ್ಕವಲ್ಲ.

ಸೌದಿಯ ಸರದಿ ಬಂದದ್ದು 1958ರಲ್ಲಿ. ನಾಲ್ಕು ವರ್ಷ ಹಿಂದೆ ದೊರೆಯ ಸರ್ಕಾರ ಗ್ರೀಕ್ ಹಡಗುಮಾಲೀಕ ಅರಿಸ್ಟಾಟಲ್ ಒನಾಸಿಸ್‌ಗೆ ಸೌದಿ ಎಣ್ಣೆ ಸಾಗಿಸುವ ಆದ್ಯತೆಯ ಹಕ್ಕು ಕೊಟ್ಟಿತ್ತು. 1933ರ ಗುತ್ತಿಗೆಯ ಪ್ರಕಾರ ಸಾಗಣೆಯ ಹಕ್ಕೂ ತನ್ನದೇ ಎಂದು ಎಣ್ಣೆ ಕಂಪನಿ ಅರಾಮ್ಕೊ ಪಟ್ಟುಹಿಡಿಯಿತು. ಸ್ವಿಸ್ ವಿದ್ವಾಂಸ ಸೌಸರ್‌–ಹಾಲ್ ಅಧ್ಯಕ್ಷತೆಯ ಮಂಡಳಿ ಹನ್‌ಬಲಿ ಶಾಸ್ತ್ರವನ್ನು ಆಸ್ಕ್ವಿತ್‌ರಂತೆ ಹೀಗಳೆಯಲಿಲ್ಲ. ಆದರೂ ಅದರಲ್ಲಿ ಕಂಡ ತೆರಪುಗಳನ್ನು ಎಣ್ಣೆ ಉದ್ಯಮದ ರೂಢಿಯಿಂದಲೂ ಸಾಮಾನ್ಯ ಕಾನೂನುತತ್ವಗಳಿಂದಲೂ ತುಂಬಿ ಕಂಪನಿಯ ಪರ ತೀರ್ಪು ಕೊಟ್ಟಿತು. 1963ರಲ್ಲಿ ಸೌದಿ ಮಂತ್ರಿಮಂಡಲ, ಪ್ರಧಾನಿಯ ಅನುಮತಿಯಿಲ್ಲದೆ ಯಾವ ಸರ್ಕಾರಿ ಸಂಸ್ಥೆಯೂ ಮಧ್ಯಸ್ಥಿಕೆಗೆ ಒಪ್ಪಕೂಡದೆಂದು ನಿರ್ಣಯಿಸಿತು. ಆ ಬಾಗಿಲು ಮುಚ್ಚಲು ಧರ್ಮಕ್ಕಿಂತ ಈ ಸೋಲಿನ ಕಹಿಯೇ ಹೆಚ್ಚು ಕಾರಣ. ಇದನ್ನು ಮರೆತು ಎಲ್ಲವನ್ನೂ ಷರಿಯತ್ತಿನ ತಲೆಗೆ ಕಟ್ಟುವ ಬರಹಗಳಿಗೇನೂ ಬರವಿಲ್ಲ.

1983ರಲ್ಲಿ ಮಧ್ಯಸ್ಥಿಕೆಗೆ ಪ್ರತ್ಯೇಕ ಕಾಯ್ದೆ ಬಂತು, 1985ರಲ್ಲಿ ಅದರ ನಿಯಮಾವಳಿ. ಮಧ್ಯಸ್ಥಗಾರ ಸೌದಿ ಪ್ರಜೆಯಾಗಿರಬೇಕು, ಇಲ್ಲವೇ ವಿದೇಶಿ ಮುಸ್ಲಿಮನಾಗಿರಬೇಕು ಎಂದು ಆ ನಿಯಮಾವಳಿ ವಿಧಿಸಿತು. ನಡೆವಳಿಯೆಲ್ಲ ಅರಬ್ಬಿಯಲ್ಲಿ. ತೀರ್ಪು ಜಾರಿಯಾಗಬೇಕಾದರೆ ನ್ಯಾಯಾಲಯದ ಪರಿಶೀಲನೆ ದಾಟಬೇಕು. ನ್ಯಾಯಾಲಯ ಮನಸ್ಸು ಮಾಡಿದರೆ ವ್ಯಾಜ್ಯವನ್ನು ಬುಡದಿಂದ ಕೆದಕಬಹುದಿತ್ತು. ವಿದೇಶಿ ತೀರ್ಪುಗಳ ಜಾರಿಗೆ ಸಂಬಂಧಿಸಿದ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ದೇಶ ಸೇರಿದ್ದು 1994ರಲ್ಲಿ. ಸೇರಿದ ಮೇಲೂ ಹೊರದೇಶದಲ್ಲಿ ಗೆದ್ದು ಬಂದ ಕಂಪನಿ ರಿಯಾದಿನಲ್ಲಿ ವರ್ಷಗಟ್ಟಲೆ ಅಲೆಯುವುದು ತಪ್ಪಲಿಲ್ಲ.

ನಿಜವಾದ ತಿರುವು 2012ರ ಕಾಯ್ದೆ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗದ ಮಾದರಿಯನ್ನು ಮುಂದಿಟ್ಟುಕೊಂಡು ಅದನ್ನು ಬರೆಯಲಾಯಿತು. ಮಧ್ಯಸ್ಥಗಾರ ಮುಸ್ಲಿಮನೇ ಆಗಬೇಕು, ಗಂಡಸೇ ಆಗಬೇಕು ಎಂಬ ಮಾತು ಅದರಲ್ಲಿಲ್ಲ. ಏಕೈಕ ಮಧ್ಯಸ್ಥಗಾರನಿಗೆ ಅಥವಾ ಮಂಡಳಿಯ ಅಧ್ಯಕ್ಷನಿಗೆ ಷರಿಯತ್ತಿನಲ್ಲೋ ಕಾನೂನಿನಲ್ಲೋ ಪದವಿ ಇದ್ದರೆ ಸಾಕು. 2016ರಲ್ಲಿ ದಮ್ಮಾಮ್‌ನ ಆಡಳಿತಾತ್ಮಕ ಮೇಲ್ಮನವಿ ನ್ಯಾಯಾಲಯ ವ್ಯಾಪಾರ ವ್ಯಾಜ್ಯವೊಂದರಲ್ಲಿ ಮಹಿಳಾ ಮಧ್ಯಸ್ಥಗಾರರ ನೇಮಕವನ್ನು ಊರ್ಜಿತಗೊಳಿಸಿತು. ತೀರ್ಪನ್ನು ಪ್ರಶ್ನಿಸಿದಾಗ ನ್ಯಾಯಾಲಯ ವ್ಯಾಜ್ಯದ ಸಂಗತಿಗಳನ್ನು ಮತ್ತೆ ಜಾಲಾಡುವಂತಿಲ್ಲ ಎಂದೂ ಕಾಯ್ದೆ ಹೇಳಿತು. 2014ರಲ್ಲಿ ಸ್ಥಾಪನೆಯಾದ ಸೌದಿ ವಾಣಿಜ್ಯ ಮಧ್ಯಸ್ಥಿಕಾ ಕೇಂದ್ರ 2023ರಲ್ಲಿ ತನ್ನ ನಿಯಮಗಳನ್ನು ಪರಿಷ್ಕರಿಸಿ, ತುರ್ತು ಮಧ್ಯಸ್ಥಗಾರ, ತ್ವರಿತ ವಿಚಾರಣೆ, ಒಂದಕ್ಕೊಂದು ಹೆಣೆದುಕೊಂಡ ವ್ಯಾಜ್ಯಗಳ ಜೋಡಣೆ ಮುಂತಾದ ಏರ್ಪಾಟುಗಳನ್ನು ಸಿಂಗಪುರ, ಲಂಡನ್ನುಗಳ ಮಟ್ಟಕ್ಕೆ ತಂದಿತು.

ಇಷ್ಟನ್ನೇ ನೋಡಿದರೆ ಧರ್ಮ ಹಿಂದೆ ಸರಿದಂತೆ ಕಾಣುತ್ತದೆ. ಅದು ಸರಿದದ್ದಲ್ಲ, ಜಾಗ ಬದಲಿಸಿದ್ದು. ಮೊದಲು ಅದು ತೀರ್ಪುಗಾರ ಯಾರು ಎಂದು ಕೇಳುತ್ತಿತ್ತು. ಈಗ ತೀರ್ಪಿನಲ್ಲಿ ಏನಿದೆ ಎಂದು ಕೇಳುತ್ತದೆ. ಷರಿಯತ್ತಿಗೂ ಸಾರ್ವಜನಿಕ ವ್ಯವಸ್ಥೆಗೂ ವಿರುದ್ಧವಾದದ್ದು ತೀರ್ಪಿನಲ್ಲಿ ಕಂಡರೆ ರದ್ದತಿಯ ದಾವೆ ಕೇಳುವ ನ್ಯಾಯಾಲಯ ಯಾರೂ ಆ ಅಂಶ ಎತ್ತದಿದ್ದರೂ ತಾನೇ ಅದನ್ನು ರದ್ದುಮಾಡಬೇಕೆಂದು ಅದೇ 2012ರ ಕಾಯ್ದೆ ಹೇಳುತ್ತದೆ. ತೀರ್ಪಿನ ಸಲ್ಲದ ಭಾಗವನ್ನು ಬೇರ್ಪಡಿಸಲು ಸಾಧ್ಯವಿದ್ದರೆ ಉಳಿದದ್ದನ್ನು ಜಾರಿ ಮಾಡಬಹುದು ಎಂದೂ ಸೇರಿಸುತ್ತದೆ.

ಈ ಎರಡು ವಾಕ್ಯಗಳ ನಡುವೆ ಸಿಕ್ಕಿಕೊಳ್ಳುವುದು ಬಡ್ಡಿ. ಗುತ್ತಿಗೆದಾರನೊಬ್ಬನಿಗೆ ಒಂದು ಕೋಟಿ ರಿಯಾಲ್ ಬಾಕಿಯಿದೆ, ಮೂರು ವರ್ಷ ತಡವಾಗಿದೆ ಎಂದಿಟ್ಟುಕೊಳ್ಳೋಣ. ಲಂಡನ್ನಿನ ಮಂಡಳಿ ಅಸಲಿನ ಜತೆಗೆ ಬಡ್ಡಿಯನ್ನೂ ಕೂಡಿಸಿ ಒಂದೇ ಮೊತ್ತ ಬರೆದರೆ ರಿಯಾದಿನ ಜಾರಿ ನ್ಯಾಯಾಧೀಶರ ಮುಂದೆ ಇಡೀ ತೀರ್ಪೇ ತೂಗುಯ್ಯಾಲೆಯಲ್ಲಿ. ಆದ್ದರಿಂದ ಆ ಸೀಮೆಯ ಅನುಭವವಿರುವ ವಕೀಲರು ಅಸಲಿಗೊಂದು ಪ್ಯಾರಾ, ಬಡ್ಡಿಗೊಂದು ಪ್ಯಾರಾ, ಖರ್ಚಿಗೊಂದು ಪ್ಯಾರಾ ಬರೆಸಿಕೊಳ್ಳುತ್ತಾರೆ. ನ್ಯಾಯಾಧೀಶರು ಬಡ್ಡಿಯ ಪ್ಯಾರಾ ಹೊಡೆದುಹಾಕಿ ಉಳಿದದ್ದಕ್ಕೆ ಮೊಹರು ಒತ್ತಬಹುದು. ಇದರಲ್ಲಿ ಕಪಟವೇನಿಲ್ಲ. ಕುರ್‌ಆನಿನ ಎರಡನೆಯ ಅಧ್ಯಾಯ ವ್ಯಾಪಾರವನ್ನು ಒಪ್ಪಿ ಬಡ್ಡಿಯನ್ನು ನಿಷೇಧಿಸುತ್ತದೆ. ತೀರ್ಪಿನ ಕಾಗದವೂ ಅದೇ ಗೆರೆಯಲ್ಲಿ ಎರಡಾಗಿ ಮಡಚಿಕೊಂಡಿದೆ, ಅಷ್ಟೇ. ಆದರೆ ತಡಮಾಡಿದವನು ದಂಡ ತೆರದೆ ತಪ್ಪಿಸಿಕೊಳ್ಳುತ್ತಾನಲ್ಲ ಎಂಬ ನೈತಿಕ ಪ್ರಶ್ನೆ ಉಳಿಯುತ್ತದೆ. ಸಾಲ ತೀರಿಸುವ ಶಕ್ತಿಯಿದ್ದೂ ಮುಂದೂಡುವುದು ಅನ್ಯಾಯವೆಂದು ಅದೇ ಶಾಸ್ತ್ರ ಹೇಳುತ್ತದೆ. ಇಸ್ಲಾಮಿ ಬ್ಯಾಂಕುಗಳು ಕಂಡುಕೊಂಡ ದಾರಿ, ತಡಪಾವತಿಯ ದಂಡ ವಸೂಲು ಮಾಡಿ ಅದನ್ನು ದಾನಕ್ಕೆ ಕೊಡುವುದು. ಸಾಲಗಾರನಿಗೆ ಬಿಸಿ ಮುಟ್ಟುತ್ತದೆ, ಸಾಲ ಕೊಟ್ಟವನಿಗೆ ಲಾಭವಾಗುವುದಿಲ್ಲ. ಸೌದಿ ಸರ್ಕಾರ ಇದಕ್ಕಿಂತ ಸದ್ದಿಲ್ಲದ ದಾರಿಯೊಂದನ್ನೂ ಹಿಡಿದಿತ್ತು: 1987ರಿಂದಲೇ ಬ್ಯಾಂಕುಗಳ ವ್ಯಾಜ್ಯಗಳನ್ನು ಷರಿಯತ್ ನ್ಯಾಯಾಲಯಗಳಿಂದ ತಪ್ಪಿಸಿ, ಕರಾರಿನಲ್ಲಿ ಬರೆದಂತೆ ಲೆಕ್ಕ ನೋಡುವ ಪ್ರತ್ಯೇಕ ಸಮಿತಿಗೆ ಒಪ್ಪಿಸಿತು.

ಧರ್ಮವನ್ನು ಹೊರಗಿಟ್ಟಿರುವೆವೆಂದುಕೊಂಡ ದೇಶಗಳಿಗೂ ಈ ಪ್ರಶ್ನೆ ಬೆನ್ನುಬಿಟ್ಟಿಲ್ಲ. ಷರಿಯತ್ತಿನ ತತ್ವಗಳಿಗೆ ಒಳಪಟ್ಟು ಇಂಗ್ಲಿಷ್ ಕಾನೂನು ಅನ್ವಯಿಸುತ್ತದೆ ಎಂದು ಬರೆದಿದ್ದ ಬಹ್ರೇನ್ ಬ್ಯಾಂಕೊಂದರ ಕರಾರು 2004ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ ಬಂದಾಗ, ಒಂದು ಕರಾರನ್ನು ಒಂದೇ ದೇಶದ ಕಾನೂನು ಆಳಬಲ್ಲುದು, ಷರಿಯತ್ ಯಾವ ದೇಶದ ಕಾನೂನೂ ಅಲ್ಲ ಎಂದು ಅದು ಪಕ್ಕಕ್ಕಿಟ್ಟಿತು. ಮಧ್ಯಸ್ಥಗಾರರೆಲ್ಲ ಇಸ್ಮಾಯಿಲಿ ಸಮುದಾಯದವರೇ ಆಗಿರಬೇಕೆಂಬ ಕರಾರು ತಾರತಮ್ಯವಲ್ಲವೇ ಎಂಬ ತಕರಾರಿಗೆ 2011ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅಲ್ಲವೆಂದಿತು: ಮಧ್ಯಸ್ಥಗಾರ ಯಾರ ನೌಕರನೂ ಅಲ್ಲ, ತಮಗೆ ಬೇಕಾದವರನ್ನು ಆರಿಸಿಕೊಳ್ಳಲು ಇಬ್ಬರಿಗೂ ಸ್ವಾತಂತ್ರ್ಯವಿದೆ. ರಿಯಾದ್ ತೀರ್ಪುಗಾರನ ಧರ್ಮದ ಷರತ್ತನ್ನು ಬಿಡಲು ತೊಡಗಿದ ಹೊತ್ತಿನಲ್ಲೇ ಲಂಡನ್ ಅದಕ್ಕೆ ಜಾಗ ಮಾಡಿಕೊಟ್ಟಿತು. ಒಂದು ಕಡೆ ರಾಜ್ಯ ಹೇರಿದ್ದು, ಇನ್ನೊಂದು ಕಡೆ ಜನ ತಾವೇ ಬಯಸಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಲ್ಲ.

ಹೂಡಿಕೆದಾರರ ಅಳಲು ಮೂಲತಃ ಧರ್ಮದ ಬಗ್ಗೆ ಅಲ್ಲ, ಮುಂದಾಗಿ ಊಹಿಸಲಾಗದ್ದರ ಬಗ್ಗೆ. ಬಡ್ಡಿ ಸಲ್ಲದು ಎಂದು ಗೊತ್ತಿದ್ದರೆ ವ್ಯಾಪಾರಿ ಅದನ್ನು ಬೆಲೆಯಲ್ಲೇ ಸೇರಿಸುತ್ತಾನೆ. ಕಷ್ಟವಿರುವುದು, ಷರಿಯತ್ತಿಗೆ ವಿರುದ್ಧ ಯಾವುದು ಎಂಬುದನ್ನು ಹತ್ತಾರು ಗ್ರಂಥ, ನೂರಾರು ಅಭಿಪ್ರಾಯಗಳ ನಡುವಿನಿಂದ ಒಬ್ಬ ನ್ಯಾಯಾಧೀಶ ತೀರ್ಪು ಬಂದ ಮೇಲೆ ಹೇಳುವುದರಲ್ಲಿ. ಕೈತಪ್ಪಿದ ಲಾಭಕ್ಕೆ ಪರಿಹಾರ ಕೇಳಿದರೆ, ಕಣ್ಣಿಗೆ ಕಾಣದ ಹಣ ಬರೀ ಅನಿಶ್ಚಯ ಎಂದು ಹಲವು ನ್ಯಾಯಾಧೀಶರು ತಳ್ಳಿಹಾಕುತ್ತಿದ್ದರು, ಎಲ್ಲರೂ ಅಲ್ಲ. 2023ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನಾಗರಿಕ ವ್ಯವಹಾರಗಳ ಕಾಯ್ದೆ ಈ ಗೊಂದಲವನ್ನು ಬಹುಮಟ್ಟಿಗೆ ಕಳೆದಿದೆ. ಕರಾರು, ನಷ್ಟ, ಪರಿಹಾರಗಳ ನಿಯಮಗಳನ್ನು ಮೊದಲ ಬಾರಿಗೆ ಕಲಮುಗಳಾಗಿ ಬರೆದ ಅದು ಕೈತಪ್ಪಿದ ಲಾಭಕ್ಕೂ ಪರಿಹಾರವುಂಟೆಂದು ಸ್ಪಷ್ಟವಾಗಿ ಹೇಳುತ್ತದೆ. ಕೊನೆಯಲ್ಲಿ ಹಳೆಯ ಶಾಸ್ತ್ರಗ್ರಂಥಗಳ 41 ಸೂತ್ರಗಳನ್ನು ಪಟ್ಟಿಮಾಡಿ, ಕಾಯ್ದೆಯಲ್ಲಿ ಉತ್ತರ ಸಿಗದಿದ್ದರೆ ಮೊದಲು ಈ ಸೂತ್ರಗಳನ್ನು, ಅಲ್ಲೂ ಸಿಗದಿದ್ದರೆ ಕಾಯ್ದೆಗೆ ಅತ್ಯಂತ ಹೊಂದುವ ಷರಿಯತ್ ನಿಯಮವನ್ನು ಹಿಡಿಯಬೇಕೆಂದು ಅನುಕ್ರಮ ಹಾಕಿಕೊಟ್ಟಿದೆ. ಸರ್ಕಾರಿ ಸಂಸ್ಥೆಗಳ ಮೇಲೆ 1963ರಲ್ಲಿ ಹೇರಿದ ನಿರ್ಬಂಧ ಮಾತ್ರ 2012ರ ಕಾಯ್ದೆಯಲ್ಲೂ ಉಳಿದುಕೊಂಡಿತು: ಬೇರೆ ಕಾನೂನು ಅವಕಾಶ ಕೊಡದ ಹೊರತು ಅವು ಮಧ್ಯಸ್ಥಿಕೆಗೆ ಒಪ್ಪಲು ಪ್ರಧಾನಿಯ ಅನುಮತಿ ಬೇಕೇ ಬೇಕು. ಆ ಕಲಮಿನಲ್ಲಿ ದೇವರ ಪ್ರಸ್ತಾಪವಿಲ್ಲ.